ಲಾಠಿ ಹೊರಬರುವುದು ಯಾವಾಗ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: "1837ರಲ್ಲಿ ಕಲ್ಯಾಣಪ್ಪನ ದಂಡು ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿತು. ಹೋರಾಟ ಅಂದರೆ ಅದು. ಲಾಠಿ ಹಿಡಿದವರ ಎದುರು ಸುಮ್ಮನೆ ಕೂತರೆ ಅಧಿಕಾರ ಅಲುಗುತ್ತದೆಯೆ? ನಮ್ಮೂರಲ್ಲಿ ಬಂದ್ ಮಾಡಬೇಕೆಂದಿದ್ದೇವೆ."

ಸಂಪಾದಕರ ಉತ್ತರ:

ಸುಮ್ಮನೆ ಕೂತರೆ ಖಂಡಿತ ಅಲುಗುವುದಿಲ್ಲ. ಬಾವುಟಗುಡ್ಡೆಯ ಧೈರ್ಯ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ಆದರೆ ಎರಡು ವಾರ ತುಂಬುವ ಮೊದಲೇ ಈಸ್ಟ್ ಇಂಡಿಯಾ ಕಂಪೆನಿಯ ಹೊಸ ಸೈನ್ಯ ಬಂದಿಳಿಯಿತು, ಊರು ದಂಡಿನ ಕೈತಪ್ಪಿತು. ಕೋವಿಗೆ ಕೋವಿ ಎಂದ ಮೇಲೆ ಲೆಕ್ಕ ಕೋವಿಗಳದ್ದೇ.

ರಾಜಕೀಯ ಚಿಂತಕಿ ಹನ್ನಾ ಅರೆಂಟ್ ಈ ಗಂಟನ್ನು ಚೆನ್ನಾಗಿ ಬಿಡಿಸಿದ್ದಾರೆ. ಜನ ಒಟ್ಟಾಗಿ ನಡೆದುಕೊಳ್ಳುವುದರಿಂದ ಹುಟ್ಟುವುದು ಅಧಿಕಾರ. ಹಿಂಸೆಗೆ ಜನ ಬೇಡ, ಸಲಕರಣೆ ಸಾಕು. ತಮ್ಮ ಮಾತನ್ನು ಜನ ಕೇಳುವಷ್ಟು ಕಾಲ ಆಳುವವರು ಲಾಠಿ ಎತ್ತುವುದಿಲ್ಲ. ಹಾಗಾಗಿ ನೀವು ಮೊದಲು ಹುಡುಕಬೇಕಾದ್ದು, ಎದುರಿನವರು ನಿಮ್ಮ ಯಾವ ಸಹಕಾರದ ಮೇಲೆ ನಿಂತಿದ್ದಾರೆ ಎಂಬುದನ್ನು.

ಬಸ್ಸಿನಲ್ಲಿ ಕರಿಯರನ್ನು ಬೇರೆ ಕೂರಿಸುವ ನಿಯಮದ ವಿರುದ್ಧ ಜನ ಎದ್ದ ಅಮೆರಿಕದ ಮಾಂಟ್ಗೊಮರಿಯಲ್ಲಿ ಅದು ಬಸ್ ಟಿಕೆಟಿನ ಕಾಸು. ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಕರಿಯರೇ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಸುರತ್ಕಲ್ಲಿಗೆ ಹೊರಟ ಬಸ್ಸಲ್ಲಿ ನಾಲ್ಕರಲ್ಲಿ ಮೂರು ಸೀಟು ಖಾಲಿ ಎಂದುಕೊಳ್ಳಿ, ಅದೂ ತಿಂಗಳುಗಟ್ಟಲೆ. 1955ರ ಡಿಸೆಂಬರ್ 5ರಂದು ಬಸ್ ಬಿಟ್ಟವರು ಮತ್ತೆ ಹತ್ತಿದ್ದು 381 ದಿನ ಕಳೆದ ಮೇಲೆ. ಬಸ್ ಹತ್ತುವುದಿಲ್ಲ ಎನ್ನುವುದು ಸುಲಭ, ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಹೇಗೆ? ಮೊದಲು ಕರಿಯರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, 10 ಸೆಂಟಿಗೆ, ಕರೆದೊಯ್ದವು. ನಗರಾಡಳಿತ 45 ಸೆಂಟಿನ ಕನಿಷ್ಠ ದರದ ನಿಯಮ ತೋರಿಸಿ ಅದನ್ನು ನಿಲ್ಲಿಸಿತು. ಆಗ ಸುಮಾರು 300 ಸ್ವಂತ ಕಾರುಗಳು ಸೇರಿದವು. ಹತ್ತುವ, ಇಳಿಯುವ ಜಾಗಗಳನ್ನು ಗೊತ್ತುಮಾಡಿದರು. ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದರು. ನನ್ನ ಕಣ್ಣಿಗೆ ಚಳವಳಿಯ ಜೀವ ಇರುವುದು ಭಾಷಣಗಳಿಗಿಂತ ಈ ಕಾರುಗಳ ಪಟ್ಟಿಯಲ್ಲಿ.

ಕೆಡುವುದು ಎಲ್ಲಿ? 1956ರ ಜನವರಿ 30ರ ರಾತ್ರಿ ಈ ಬಸ್ ಚಳವಳಿಯ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಮನೆಯ ಜಗಲಿಗೆ ಬಾಂಬ್ ಬಿತ್ತು. ಆಯುಧ ಹಿಡಿದೇ ಜನ ಸೇರಿದರು. ಕಿಂಗ್ ಅದೇ ಜಗಲಿಯಲ್ಲಿ ನಿಂತು ಆಯುಧಗಳನ್ನು ಮನೆಗೆ ಒಯ್ಯಿರಿ ಎಂದರು. ಅವತ್ತು ಒಬ್ಬ ಪೊಲೀಸ್ ಸತ್ತಿದ್ದರೂ ಬಸ್ಸಿನ ಮಾತು ಅಲ್ಲೇ ಮುಗಿಯುತ್ತಿತ್ತು. 1922ರಲ್ಲಿ ಚೌರಿ ಚೌರಾದಲ್ಲಿ 22 ಪೊಲೀಸರು ಸತ್ತ ಮೇಲೆ ಗಾಂಧೀಜಿ ಅಸಹಕಾರವನ್ನೇ ನಿಲ್ಲಿಸಿದ್ದು ನಿಮಗೆ ಗೊತ್ತೇ ಇದೆ.

ಸಂಯಮ ತಾನಾಗಿ ಬರುವುದಿಲ್ಲ, ತಾಲೀಮು ಬೇಕು. ಕರಿಯರಿಗೆ ತಿಂಡಿ ಕೊಡದ ಅಂಗಡಿಗಳ ಊಟದ ಕೌಂಟರಿನಲ್ಲಿ ಕೂತು ಪ್ರತಿಭಟಿಸಲು ಹೊರಟ ಅಮೆರಿಕದ ನ್ಯಾಶ್‌ವಿಲ್ಲಿನ ವಿದ್ಯಾರ್ಥಿಗಳಿಗೆ ಅಹಿಂಸೆಯ ತರಬೇತುದಾರ ಜೇಮ್ಸ್ ಲಾಸನ್ ಅದನ್ನೇ ಮಾಡಿಸಿದರು: ಒಬ್ಬ ಕುರ್ಚಿಯಲ್ಲಿ ಕೂರಬೇಕು, ಉಳಿದವರು ಬೈಯಬೇಕು, ತಳ್ಳಬೇಕು. ನಿಯಮ ಚಿಕ್ಕದು: ನೆಟ್ಟಗೆ ಕೂರಿ, ಕೌಂಟರಿನ ಕಡೆಗೇ ಮುಖವಿರಲಿ, ತಿರುಗಿ ಬೈಯಬೇಡಿ, ಹೊಡೆಯಬೇಡಿ. 1960ರಲ್ಲಿ ಕೌಂಟರಿನಲ್ಲಿ ಕೂತ ಒಂದು ಸಾಲನ್ನು ಪೊಲೀಸರು ಹಿಡಿದೊಯ್ದರೆ ಮುಂದಿನ ಸಾಲು ಬಂದು ಕೂರುತ್ತಿತ್ತು.

ಇನ್ನು ನಿಮ್ಮ ಬಂದ್. ಕಲ್ಲಿಗೆ ಹೆದರಿ ಶಟರ್ ಎಳೆದ ಅಂಗಡಿಯವರು ನಿಮ್ಮ ಕಡೆಯವರಲ್ಲ, ಮರುದಿನ ಅವರೇ ನಿಮ್ಮ ಮೇಲೆ ದೂರು ಕೊಡುತ್ತಾರೆ. ದಿನಾಂಕ ಸಾರುವ ಮೊದಲು ಅಂಗಡಿ ಅಂಗಡಿಗೆ ಹೋಗಿ ಕೇಳಿ, ಒಪ್ಪಿದವರನ್ನು ಮಾತ್ರ ಬರೆದುಕೊಳ್ಳಿ. ಇಡೀ ಪೇಟೆಯಲ್ಲಿ ಹತ್ತೇ ಹೆಸರು ಸಿಕ್ಕರೆ ಬಂದ್ ಬೇಡ ಮಾರಾಯ್ರೆ, ಇನ್ನೊಂದು ತಿಂಗಳು ಮಾತಾಡಿ.