ಎರೆ ಭೂಮಿಯಲ್ಲಿ ಮಣ್ಣಿನ ಇಟ್ಟಿಗೆಯ ಶಾಲೆ

ನಮಸ್ಕಾರ. ಗದಗ ಜಿಲ್ಲೆಯ ನರಗುಂದದ ಕಡೆಯ ನಿಮ್ಮ ಊರಿನ ಶಾಲೆಗೆ ಎರಡು ಕೊಠಡಿಗಳನ್ನು ಹೊಲದ ಮಣ್ಣಿನ ಇಟ್ಟಿಗೆಯಿಂದಲೇ ಕಟ್ಟಬಹುದೇ ಎಂದು ಕೇಳಿದ್ದೀರಿ. ನಿಮ್ಮ ಹೊಲದ ಕಪ್ಪು ಎರೆ ಮಣ್ಣಿನಿಂದ ಬೇಡ, ದಯವಿಟ್ಟು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವ ಮಣ್ಣು ಅದು. ಇಟ್ಟಿಗೆಯೂ ಹಾಗೆಯೇ ಸೀಳುತ್ತದೆ. ಶಿರಹಟ್ಟಿ, ಮುಂಡರಗಿ ಕಡೆಯ ಮರಳು ಮಿಶ್ರಿತ ಕೆಂಪು ಮಣ್ಣನ್ನು ತರಿಸಿ. (ಅಲ್ಲಿನ ಕಪ್ಪತಗುಡ್ಡವನ್ನು ಮಾತ್ರ ಅಗೆಯಬೇಡಿ, ಅದು ವನ್ಯಜೀವಿ ಧಾಮ.) ಅದಕ್ಕೆ ಶೇಕಡಾ 7ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಸಾಕು. ಭಟ್ಟಿಯಿಲ್ಲ, ಸೌದೆಯಿಲ್ಲ, ಹೊಗೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಧಾನದ ಬಗ್ಗೆ ದಶಕಗಳಿಂದ ಕೆಲಸ ನಡೆದಿದೆ.

ಆದರೆ ನಿಮ್ಮಲ್ಲಿ ಗೋಡೆಗಿಂತ ಬುನಾದಿಯ ಚಿಂತೆ ದೊಡ್ಡದು. ಎರೆ ಪದರ ಆಳವಾಗಿದ್ದರೆ, ಕೆಳತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಕಿರುಕಂಬಗಳನ್ನು ನೆಲಕ್ಕಿಳಿಸಿ ಅವುಗಳ ಮೇಲೆ ತೊಲೆ ಹಾಕಿಸಬೇಕು. ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ಬಡಿದು ದಮ್ಮಸ್ಸು ಮಾಡಿಸಿ. ಗೋಡೆಯ ಸುತ್ತ ಮಳೆನೀರು ನಿಲ್ಲಲೇಬಾರದು. ಇಲ್ಲಿ ಹಣ ಉಳಿಸಲು ಹೋದರೆ ಮಕ್ಕಳು ಕೂರುವ ಕೊಠಡಿಯ ಗೋಡೆಯೇ ಬಿರುಕು ಬಿಡುತ್ತದೆ. ಇದನ್ನು ಎಂಜಿನಿಯರ್ ನೋಡಿಯೇ ತೀರ್ಮಾನಿಸಲಿ.

ಚಾವಣಿಗೆ ಒಂದೇ ಮಾತು: ಕಾಂಕ್ರೀಟಿನ ಕೆಳಭಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಹುದುಗಿಸಿ, ಮೇಲೆ ಸುಣ್ಣ ಬಳಿಯಿರಿ. ಸಿಮೆಂಟೂ ಉಳಿಯುತ್ತದೆ, ಏಪ್ರಿಲ್‌ ಬಿಸಿಲೂ ತಗ್ಗುತ್ತದೆ. ಕಿಟಕಿಗಳು ಉತ್ತರ, ದಕ್ಷಿಣಕ್ಕಿರಲಿ. ಪಡುವಣ ಗೋಡೆಯ ಹೊರಗೆ ಬೇವಿನ ಸಸಿ ನೆಡಿ. ಮಣ್ಣಿನ ಮನೆಯ ತಂಪು ತಿಳಿಯಬೇಕಾದರೆ, ನಿಮ್ಮ ಊರಿನ ಹಳೆಯ ಮೇಲ್ಮುದ್ದೆ (ಮಣ್ಣಿನ ಚಾವಣಿಯ) ಮನೆಯೊಂದರಲ್ಲಿ ಮಧ್ಯಾಹ್ನ ಅರ್ಧ ಗಂಟೆ ಕುಳಿತು ಬನ್ನಿ. ಎರೆಯ ಆಳ ಎಷ್ಟು ಅಡಿ ಎಂದು ಅಗೆಸಿ ನೋಡಿ ತಿಳಿಸಿ, ಮುಂದಿನದನ್ನು ಬರೆಯುತ್ತೇನೆ.