ಸ್ಕ್ಯಾನ್ ಸರಿಯಿದೆ ಅಂದರು, ರಕ್ತ ಮಾತ್ರ ಮತ್ತೆ ಬಂತು

ಸೋಮವಾರಪೇಟೆ ಕಡೆಯ ಮನೆ. ಒಂದಿಷ್ಟು ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಮನೆಯ ಹಿರಿಯರಿಗೆ 69 ವರ್ಷ. ಶಾಂತಮ್ಮ ಎಂದು ಕರೆಯೋಣ. ಗುರುತು ಸಿಗುವ ಬೇರೆ ವಿವರಗಳನ್ನೂ ಬದಲಾಯಿಸಿದ್ದೇನೆ.

ನನ್ನ ಹತ್ತಿರ ಮೊದಲು ಬಂದವರು ಅವರ ಸೊಸೆ. "ಮೇಡಂ, ಅತ್ತೆಗೆ ಗರ್ಭಕೋಶದ ಕ್ಯಾನ್ಸರ್ ಅಂತೆ. ಅವರಿಗೆ ಹೇಳಲೇಬಾರದು ಅಂತ ನಮ್ಮವರು, ಭಾವ ಇಬ್ಬರೂ ಹಟ ಹಿಡಿದಿದ್ದಾರೆ. ಗಡ್ಡೆ ಇದೆ, ತೆಗೆಸಬೇಕು ಅಂದುಬಿಡು ಅಂತಾರೆ. ದಿನಾ ಅವರ ಮುಖ ನೋಡೋಳು ನಾನು. ಹೇಗೆ ಸುಳ್ಳು ಹೇಳಲಿ?"

ಶಾಂತಮ್ಮನಿಗೆ ಮುಟ್ಟು ನಿಂತು ಹತ್ತೊಂಬತ್ತು ವರ್ಷ ಆಗಿತ್ತು. ಮಳೆಗಾಲದಲ್ಲಿ ಬಟ್ಟೆಗೆ ರಕ್ತದ ಕಲೆ ಕಂಡಿತು. ಯಾರಿಗೂ ಹೇಳಲಿಲ್ಲ. ತಾವೇ ಒಗೆದು, ಎಲ್ಲರೂ ಮಲಗಿದ ಮೇಲೆ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದರು. ಆಷಾಢದಲ್ಲಿ ನಮ್ಮ ಕಡೆ ಬಟ್ಟೆ ಬೇರೆಲ್ಲಿ ಒಣಗುತ್ತೆ? ಅಲ್ಲೇ ಸೊಸೆ ಕಲೆ ನೋಡಿದ್ದು.

ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಪ್ಯಾಪ್ ಪರೀಕ್ಷೆ ಸರಿ ಇತ್ತು. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ 3 ಮಿ.ಮೀ. ಇತ್ತು. ವಯಸ್ಸಿಗೆ ಒಣಗಿದೆ, ಗಾಬರಿ ಬೇಡ ಅಂತ ಮುಲಾಮು ಕೊಟ್ಟು ಕಳಿಸಿದರು. ಎರಡು ತಿಂಗಳಿಗೆ ಮತ್ತೆ ರಕ್ತ ಬಂತು. ಆಗ ಬೇರೊಬ್ಬ ಡಾಕ್ಟರು ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. 'ಸೀರಸ್ ಕಾರ್ಸಿನೋಮ' ಅಂತ ಬಂತು, ಒಳಪದರದ ಕ್ಯಾನ್ಸರ್‌ನ ಒಂದು ಅಪರೂಪದ ಬಗೆ.

ಇಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು. ಪ್ಯಾಪ್, ಸ್ಕ್ಯಾನ್ ಎರಡೂ ಸರಿ ಇದ್ದರೂ ಕ್ಯಾನ್ಸರ್ ಹೇಗೆ ಅಂತ ಮನೆಯವರು ನನ್ನನ್ನು ಕೇಳಿದ್ದೂ ಇವನ್ನೇ.

ಪ್ಯಾಪ್ ಪರೀಕ್ಷೆ ಇರುವುದು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹುಡುಕಲು. ಒಳಗಿನ ಪದರದ ಕಾಯಿಲೆಯನ್ನು ಅದು ಹಿಡಿಯುತ್ತೆ ಅಂತ ನಂಬಿ ಕೂರುವಂತಿಲ್ಲ. ಇನ್ನು ಸ್ಕ್ಯಾನು. ಮುಟ್ಟು ನಿಂತವರಲ್ಲಿ ಒಳಪದರ 4 ಮಿ.ಮೀ. ಅಥವಾ ಅದಕ್ಕಿಂತ ತೆಳ್ಳಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ. ಹೆಚ್ಚಾಗಿ ಕಾಣುವ ಬಗೆಯ ಕ್ಯಾನ್ಸರ್ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನು ಜಾಸ್ತಿಯಾಗಿ, ಪದರ ದಪ್ಪಗಾಗಿ ಬರುವಂಥದ್ದು. ಸೀರಸ್ ಬಗೆ ಹಾಗಲ್ಲ. ವಯಸ್ಸಾಗಿ ಸೊರಗಿದ ತೆಳು ಪದರದಲ್ಲೂ ಹುಟ್ಟುತ್ತೆ, ಬೇಗ ಹೊಟ್ಟೆಯೊಳಗೆ ಹರಡುತ್ತೆ. ಒಳಪದರದ ಕ್ಯಾನ್ಸರ್‌ಗಳಲ್ಲಿ ಇದು ನೂರಕ್ಕೆ ಸುಮಾರು 10 ಮಾತ್ರ. ಆದರೆ ಸಾವುಗಳಲ್ಲಿ ಇದರ ಪಾಲು ಅದಕ್ಕಿಂತ ಬಹಳ ದೊಡ್ಡದು. ಅದಕ್ಕೇ ರಕ್ತ ಮತ್ತೆ ಕಂಡರೆ ಸ್ಕ್ಯಾನ್ ಏನೇ ಹೇಳಲಿ, ಬಯಾಪ್ಸಿ ಆಗಲೇಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಜನರಲ್ಲಿ ಸುಮಾರು ತೊಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ನಿಜ. ಉಳಿದವರು ಯಾರು ಅಂತ ಸುಮ್ನೆ ಕೂತರೆ ಗೊತ್ತಾಗಲ್ಲ, ಅಲ್ವಾ?

ಗಂಡುಮಕ್ಕಳಿಬ್ಬರನ್ನೂ ಬರಹೇಳಿದೆ. ದೊಡ್ಡವರು ಬೆಂಗಳೂರಿನಿಂದ ಬಂದರು. "ಕೇಳಿದ್ರೆ ಅಮ್ಮ ಅವತ್ತೇ ಕುಸಿದುಹೋಗ್ತಾರೆ" ಅಂದರು. ಅವರ ಭಯ ಸುಳ್ಳಲ್ಲ. ಆದರೆ ನಾನು ಕೇಳಿದ್ದು ಇಷ್ಟೇ: ಆಪರೇಷನ್ ಆದ ಮೇಲೆ ಕೀಮೋ ಕೊಡುವಾಗ ಕೂದಲು ಉದುರುತ್ತೆ. ಆಗ ಏನು ಹೇಳುತ್ತೀರಿ? ಒಪ್ಪಿಗೆ ಪತ್ರಕ್ಕೆ ಯಾರು ಸಹಿ ಹಾಕುವುದು? ಪಕ್ಕದ ಬೆಡ್ಡಿನವರು "ನಿಮಗೆ ಯಾವ ಕ್ಯಾನ್ಸರ್ ಅಮ್ಮಾ?" ಅಂತ ಕೇಳದೆ ಇರುತ್ತಾರಾ? ಚಿಕ್ಕ ಮಗನೇ ಮೊದಲು ಮೆತ್ತಗಾದರು.

ಒಂದೇ ಸಲಕ್ಕೆ ಎಲ್ಲ ಸುರಿಯಬೇಡಿ ಅಂದೆ. ಮೊದಲು ಅವರಿಗೆ ಏನು ಗೊತ್ತಿದೆ ಅಂತ ಕೇಳಿ. ಎಷ್ಟು ತಿಳಿಯಬೇಕು ಅನ್ನುವುದನ್ನೂ ಅವರೇ ಹೇಳಲಿ. ಕೇಳಿದ್ದಕ್ಕೆ ಸುಳ್ಳು ಉತ್ತರ ಮಾತ್ರ ಬೇಡ.

ಶಾಂತಮ್ಮ ಬಂದರು. "ಏನಾಗಿದೆ ಅಂತ ನಿಮಗೆ ಅನ್ನಿಸುತ್ತೆ ಅಮ್ಮಾ?" ಅಂದೆ. "ಕೆಟ್ಟ ಗಡ್ಡೆ. ಇವರೆಲ್ಲ ನಾನು ಬಂದ ಕೂಡಲೆ ಮಾತು ನಿಲ್ಲಿಸ್ತಾರಲ್ಲ" ಅಂದರು. ಸೊಸೆ ಅತ್ತುಬಿಟ್ಟರು. ಅತ್ತೆ ಅಳಲಿಲ್ಲ. ಅವರನ್ನು ಇಷ್ಟು ದಿನ ಕಾಡಿದ್ದು ಕ್ಯಾನ್ಸರ್ ಭಯಕ್ಕಿಂತ ನಾಚಿಕೆ. ಈ ವಯಸ್ಸಲ್ಲಿ ಮುಟ್ಟಿನ ಮಾತನ್ನು ಮಗನ ಹತ್ತಿರ ಹೇಗೆ ಆಡುವುದು ಅಂತ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ರೋಗ ತಡವಾಗುವುದು ಆಸ್ಪತ್ರೆಯ ದೂರದಿಂದ ಮಾತ್ರ ಅಲ್ಲ.

ಆಮೇಲೆ ಅವರು ಕೇಳಿದ್ದು, "ಕುಯ್ಲು ಮುಗಿಸಿಕೊಂಡು ಹೋದರೆ ಆಗಲ್ವಾ?" ಆಗಲ್ಲ ಅಂತ ನೇರವಾಗಿ ಹೇಳಿದೆ. ಆಳು ಸಿಗದೆ ಹಣ್ಣು ಉದುರಿದರೆ ನಷ್ಟ, ಗೊತ್ತು. ಆದರೆ ಈ ಕಾಯಿಲೆ ಅಷ್ಟು ತಿಂಗಳು ಕಾಯುವಂಥದ್ದಲ್ಲ. ಕುಯ್ಲಿನ ಹೊಣೆ ಚಿಕ್ಕ ಮಗನಿಗೆ, ಆಸ್ಪತ್ರೆ ಓಡಾಟ ಸೊಸೆಗೆ, ದುಡ್ಡಿನ ಲೆಕ್ಕ ದೊಡ್ಡವರಿಗೆ ಅಂತ ಅವತ್ತೇ ಹಂಚಿಕೊಂಡರು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು: ಬಯಾಪ್ಸಿಯ ಸ್ಲೈಡು, ಬ್ಲಾಕು (ಮೇಣದಲ್ಲಿ ಕಾಪಿಟ್ಟ ಚೂರು) ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆದು ಜೊತೆಗೆ ಒಯ್ಯಿರಿ. ಅಪರೂಪದ ಬಗೆಗಳನ್ನು ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿಸ್ಟ್ ಮತ್ತೊಮ್ಮೆ ನೋಡುವುದು ಒಳ್ಳೆಯದು. ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗಬಹುದು. ಆಪರೇಷನ್ ಅನ್ನು ಊರಿನ ಹತ್ತಿರ ಬೇಗ ಮುಗಿಸುವ ಆಸೆ ಬೇಡ, ಸ್ತ್ರೀಯರ ಕ್ಯಾನ್ಸರ್ ಸರ್ಜನ್ ಇರುವ ಕಡೆಯೇ ಆಗಲಿ. ಗರ್ಭಕೋಶ, ಅಂಡನಾಳ, ಅಂಡಾಶಯ ತೆಗೆಯುವುದರ ಜೊತೆಗೆ ಲಿಂಫ್ ಗ್ರಂಥಿ, ಹೊಟ್ಟೆಯೊಳಗಿನ ಕೊಬ್ಬಿನ ಪೊರೆ ಎಲ್ಲ ಪರೀಕ್ಷೆಗೆ ಹೋಗಬೇಕು. ಚಿಕ್ಕ ತೂತಿನ ಆಪರೇಷನ್ ಆಗುತ್ತಾ ಅಂತ ದೊಡ್ಡ ಮಗ ಕೇಳಿದರು. ಅದು ಸರ್ಜನ್ ತೀರ್ಮಾನ. ಆದರೆ ಗರ್ಭಕೋಶ ಇಡಿಯಾಗಿ ಹೊರಬರಬೇಕು. ಒಳಗೇ ಕತ್ತರಿಸಿ ಚೂರು ಮಾಡಿದರೆ ಕ್ಯಾನ್ಸರ್ ಕಣ ಚೆಲ್ಲುವ ಅಪಾಯವಿದೆ. ಹಾಗೆ ಚೂರು ಮಾಡುವ ಯಂತ್ರಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2014ರಲ್ಲೇ ಎಚ್ಚರಿಸಿದ್ದರು.

ವಯಸ್ಸಾಯಿತು, ಕೀಮೋ ತಡೆದುಕೊಳ್ಳಲ್ಲ ಅನ್ನುವ ಮಾತು ಮನೆಯಲ್ಲಿ ಎದ್ದಿತ್ತು. ಡಾಕ್ಟರು ನೋಡುವುದು ಬರೀ ವಯಸ್ಸನ್ನಲ್ಲ. ಕಿಡ್ನಿ, ಹೃದಯ, ಸಕ್ಕರೆ, ದಿನದ ಓಡಾಟ ಎಲ್ಲ ನೋಡುತ್ತಾರೆ. ಕಣದಲ್ಲಿ ಕಾಫಿ ಹರಡುತ್ತಿದ್ದ ಶಾಂತಮ್ಮ ನನಗಿಂತ ಗಟ್ಟಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಇವರದ್ದು ಎಪಿಎಲ್ ಕಾರ್ಡು. ಅದಕ್ಕೆ ಪ್ಯಾಕೇಜ್ ದರದ 30 ಶೇಕಡಾ ಮಾತ್ರ ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ ಅಂದೆ.

ಆಪರೇಷನ್ ಆಯಿತು. ರೋಗ ಗರ್ಭಕೋಶದ ಹೊರಗೆ ಕಾಣಲಿಲ್ಲ. ಆದರೂ ಸೀರಸ್ ಆದ್ದರಿಂದ ಮೂರು ವಾರಕ್ಕೊಮ್ಮೆ ಪ್ಯಾಕ್ಲಿಟಾಕ್ಸೆಲ್, ಕಾರ್ಬೋಪ್ಲಾಟಿನ್ ಅನ್ನುವ ಕೀಮೋ ಔಷಧಗಳು ಶುರುವಾದವು. ಸೊಸೆ ಫೋನ್ ಮಾಡಿದಾಗ ಮಾತಿನ ನಡುವೆ, ಅತ್ತೆ ಬ್ಲೌಸಿನ ಹುಕ್ಕು ಹಾಕೋಕೆ ಕಷ್ಟಪಡ್ತಾರೆ ಅಂದರು. ಬೆರಳು ಜೋಮು ಹಿಡಿಯುತ್ತಿತ್ತು, ಶಾಂತಮ್ಮ ಮತ್ತೆ ಯಾರಿಗೂ ಹೇಳಿರಲಿಲ್ಲ. ಪ್ಯಾಕ್ಲಿಟಾಕ್ಸೆಲ್‌ನಿಂದ ನರಕ್ಕೆ ಹೀಗಾಗುವುದುಂಟು. ಅವರಿಗೇ ಫೋನ್ ಕೊಡಿಸಿ, ಮುಂದಿನ ಸಲ ಡಾಕ್ಟರಿಗೆ ನೀವೇ ಹೇಳಬೇಕು ಅಂದೆ. ಹೇಳಿದರು. ಔಷಧದ ಪ್ರಮಾಣ ಸ್ವಲ್ಪ ಇಳಿಸಿದ್ದಾರೆ. ಉಳಿದ ಸುತ್ತುಗಳು ನಡೆಯುತ್ತಿವೆ.