ತಿದ್ದಿದ ಚಿತ್ರವೂ ಮೂಲ ಚಿತ್ರವೂ

ಪ್ರಶ್ನೆ: ಹಳೆಯ ಚಲನಚಿತ್ರಗಳನ್ನು ಡಿವಿಡಿ, ಬ್ಲೂ-ರೇಗಳಿಗೆ ತರುವಾಗ ನಿರ್ದೇಶಕರೇ ದೃಶ್ಯಗಳನ್ನು ಬದಲಾಯಿಸಿದರೆ ತಪ್ಪೇನು?

ಉತ್ತರ: ತಿದ್ದುವುದು ತಪ್ಪಲ್ಲ, ಮೂಲವನ್ನು ಮರೆಮಾಡುವುದು ತಪ್ಪು. 1982ರ ‘ಇ.ಟಿ.’ ಚಿತ್ರದಲ್ಲಿ ಮಕ್ಕಳನ್ನು ತಡೆಯಲು ನಿಂತ ಅಧಿಕಾರಿಗಳ ಕೈಯಲ್ಲಿದ್ದ ಬಂದೂಕುಗಳನ್ನು ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಅವರು 2002ರ ಆವೃತ್ತಿಯಲ್ಲಿ ಕಂಪ್ಯೂಟರಿನಿಂದ ಅಳಿಸಿ ವಾಕಿ-ಟಾಕಿಗಳನ್ನು ಹಿಡಿಸಿದರು. ಮುಂದೆ ಅವರೇ ಅದಕ್ಕಾಗಿ ವಿಷಾದಿಸಿದರು, 2012ರ ಬ್ಲೂ-ರೇಯಲ್ಲಿ ಬಂದೂಕುಗಳು ಮರಳಿದವು. ಮೂಲ ಪ್ರತಿ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು. ಗೀರು, ಧೂಳು ತೆಗೆಯುವ ಕೆಲಸಕ್ಕೆ ನನ್ನ ತಕರಾರಿಲ್ಲ. ಆದರೆ ಅಗಲ ಮತ್ತು ಎತ್ತರ 2.35:1 ಅನುಪಾತದಲ್ಲಿರುವ ಅಗಲ ಚಿತ್ರವನ್ನು ಹಳೆಯ 4:3 ಟಿವಿ ಪರದೆಗೆ ತುಂಬಿಸಲು ಅಂಚು ಕತ್ತರಿಸಿದಾಗ ಶೇ. 40ಕ್ಕೂ ಹೆಚ್ಚು ಭಾಗ ಹೋಗುತ್ತಿತ್ತು. ಎರಡು ತುದಿಗಳಲ್ಲಿ ಕುಳಿತು ಮಾತನಾಡುವವರಲ್ಲಿ ಒಬ್ಬರ ಮೂಗಷ್ಟೇ (ಅದೂ ಅದೃಷ್ಟವಿದ್ದರೆ) ಕಾಣುತ್ತಿತ್ತು. ತಿದ್ದಿದ್ದನ್ನು ಮಾರಲಿ, ಜೊತೆಗೆ ಮೂಲವನ್ನೂ ಕೊಡಲಿ.